ಕೋಕಾ ಕಾಡಿನ ಸುಂಕ: ಗೆರಿಲ್ಲಾಗಳು ಡ್ರಗ್ಸ್ ದಂಧೆಗೆ ಇಳಿದದ್ದು ಹೇಗೆ?

2025ರಲ್ಲಿ ಕೊಲಂಬಿಯಾ ಮತ್ತೆ ಮತ್ತೆ ಸುದ್ದಿಯಾಯಿತು. ಜನವರಿಯಲ್ಲಿ ವೆನೆಜುವೆಲಾ ಗಡಿಗೆ ಅಂಟಿಕೊಂಡ ಕಟಟುಂಬೊ ಪ್ರದೇಶದಲ್ಲಿ ಎರಡು ಗೆರಿಲ್ಲಾ ಗುಂಪುಗಳು ಹೊಡೆದಾಡಿಕೊಂಡವು. ಐವತ್ತು ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟು ಓಡಿದರು. ಆಗಸ್ಟ್‌ನಲ್ಲಿ ಅಮಾಲ್ಫಿ ಎಂಬಲ್ಲಿ ಕೋಕಾ ಗಿಡ ಕೀಳುವ ಕೆಲಸಕ್ಕೆ ಹೋಗಿದ್ದ ಪೊಲೀಸ್ ಹೆಲಿಕಾಪ್ಟರ್ ಮೇಲೆ ದಾಳಿಯಾಯಿತು. ಹತ್ತಕ್ಕೂ ಹೆಚ್ಚು ಪೊಲೀಸರು ಸತ್ತರು. ಸೆಪ್ಟೆಂಬರ್‌ನಿಂದ ಅಮೆರಿಕದ ಸೇನೆ, ಡ್ರಗ್ಸ್ ಸಾಗಿಸುತ್ತಿವೆ ಎಂದು ಹೇಳಿ ಕೆರಿಬಿಯನ್ ಸಮುದ್ರದಲ್ಲಿ ದೋಣಿಗಳನ್ನು ಸ್ಫೋಟಿಸತೊಡಗಿತು.

ಇದನ್ನೆಲ್ಲ ಓದುವಾಗ ಒಂದು ಪ್ರಶ್ನೆ ಏಳುತ್ತದೆ. ಗೆರಿಲ್ಲಾಗಳು ಅಂದರೆ ಬಡವರು, ಭೂಮಿ, ಕ್ರಾಂತಿ ಅಂತ ಮಾತಾಡುವವರು ಅಲ್ವಾ? ಅವರಿಗೂ ಕೊಕೇನ್‌ಗೂ ಎಲ್ಲಿಂದ ನಂಟು ಬೆಳೆಯಿತು? ಮೊದಲಿನಿಂದಲೂ ಅವರು ಕಳ್ಳಸಾಗಣೆದಾರರೇನಾ, ಕ್ರಾಂತಿ ಅನ್ನುವುದು ಬರೀ ಮುಖವಾಡವಾ? ಅಥವಾ ಹಣ ಬಂದ ಮೇಲೆ ಬದಲಾದರಾ?

ಉತ್ತರ ಒಂದೇ ಸಾಲಿನಲ್ಲಿ ಸಿಗುವುದಿಲ್ಲ. ನಲವತ್ತು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಡೆದ ಸಂಗತಿ ಇದು. ಪ್ರತಿ ಮೆಟ್ಟಿಲಿಗೂ ಅದರದೇ ಕಾರಣವಿತ್ತು.

ಮೊದಲು, ಯಾರು ಯಾರು?

ಗೆರಿಲ್ಲಾ ಅಂದರೆ ದೊಡ್ಡ ಸೇನೆಯನ್ನು ನೇರವಾಗಿ ಎದುರಿಸದೆ, ಕಾಡು ಬೆಟ್ಟಗಳಲ್ಲಿ ಅಡಗಿದ್ದು, ಹೊಡೆದು ಓಡುವ ಸಣ್ಣ ಪಡೆ. ಅದಕ್ಕೊಂದು ರಾಜಕೀಯ ಗುರಿ ಇರುತ್ತದೆ. ಸರ್ಕಾರ ಬೀಳಿಸಬೇಕು, ಇಲ್ಲವೇ ತಮ್ಮ ಜನಕ್ಕೆ ಬೇರೆ ನಾಡು ಬೇಕು, ಹೀಗೆ ಏನೋ ಒಂದು.

ಕೊಲಂಬಿಯಾದಲ್ಲಿ ಇಂಥ ಗುಂಪುಗಳಲ್ಲಿ ದೊಡ್ಡದಾಗಿದ್ದದ್ದು ಫಾರ್ಕ್. 1964ರಲ್ಲಿ ಹುಟ್ಟಿತು. ಅದಕ್ಕೂ ಮೊದಲು, 1948ರಲ್ಲಿ, ಗೈತಾನ್ ಎಂಬ ಜನಪ್ರಿಯ ನಾಯಕನ ಕೊಲೆಯಾದ ಮೇಲೆ ಎರಡು ದೊಡ್ಡ ಪಕ್ಷಗಳ ಬೆಂಬಲಿಗರ ನಡುವೆ ಹತ್ತು ವರ್ಷ ರಕ್ತಪಾತ ನಡೆದಿತ್ತು. ಆ ಗಲಾಟೆಯಲ್ಲಿ ಕಾಡು ಸೇರಿದ ರೈತರ ಗುಂಪುಗಳಲ್ಲಿ ಒಂದು ಮಾರ್ಕೆಟಾಲಿಯಾ ಎಂಬ ಬೆಟ್ಟದೂರಿನಲ್ಲಿತ್ತು. 1964ರಲ್ಲಿ ಸೇನೆ ಅದರ ಮೇಲೆ ಬಿತ್ತು. ತಪ್ಪಿಸಿಕೊಂಡವರೇ ಮುಂದೆ ಫಾರ್ಕ್ ಕಟ್ಟಿದರು. ಅವರ ನಾಯಕ ಮಾನುವೆಲ್ ಮಾರುಲಾಂಡಾ. ಹುಟ್ಟಿದ್ದು ರೈತರ ಮನೆಯಲ್ಲಿ, ಓದಿದ್ದು ಕಡಿಮೆ. 2008ರಲ್ಲಿ ಸಾಯುವವರೆಗೂ ಕಾಡಿನಲ್ಲೇ ಇದ್ದ.

ಇನ್ನೊಂದು ಗುಂಪು ಇಎಲ್‌ಎನ್. ಅದೂ 1964ರದ್ದೇ. ಆದರೆ ಅದನ್ನು ಕಟ್ಟಿದವರು ಕ್ಯೂಬಾದ ಕ್ರಾಂತಿಯಿಂದ ಪ್ರಭಾವಿತರಾದ ಓದಿದ ಹುಡುಗರು. ಕೆಲವು ಪಾದ್ರಿಗಳೂ ಅದಕ್ಕೆ ಸೇರಿದರು.

ಕಾರ್ಟೆಲ್ ಅನ್ನುವುದು ಬೇರೆ. ಅದು ಕೊಕೇನ್ ವ್ಯಾಪಾರಿಗಳ ಕೂಟ. ಮೆಡೆಯಿನ್ ನಗರದ ಪಾಬ್ಲೊ ಎಸ್ಕೊಬಾರ್ ಹೆಸರು ಎಲ್ಲರಿಗೂ ಗೊತ್ತು. ಅವನಿಗೆ ಬೇಕಿದ್ದದ್ದು ದುಡ್ಡು, ಜೊತೆಗೆ ತನ್ನನ್ನು ಅಮೆರಿಕಕ್ಕೆ ಹಿಡಿದುಕೊಡದ ಕಾನೂನು.

ಮೂರನೆಯವರು ಬಲಪಂಥೀಯ ಖಾಸಗಿ ಪಡೆಗಳು. ಜಮೀನ್ದಾರರು ಮತ್ತು ಕಳ್ಳಸಾಗಣೆದಾರರ ಹಣದಿಂದ ಬೆಳೆದ ಈ ಪಡೆಗಳು ಗೆರಿಲ್ಲಾಗಳ ವಿರುದ್ಧ ಅಂತ ಹೇಳಿಕೊಂಡು ಹಳ್ಳಿಗರನ್ನು ಕೊಂದವು. 1997ರಲ್ಲಿ ಇವೆಲ್ಲ ಎಯುಸಿ ಎಂಬ ಒಂದೇ ಹೆಸರಿನಡಿ ಸೇರಿದವು.

ಎಲೆ ಬೇರೆ, ಪುಡಿ ಬೇರೆ

ಕೋಕಾ ಒಂದು ಗಿಡ. ಆಂಡಿಸ್ ಬೆಟ್ಟದ ಜನ ಸಾವಿರಾರು ವರ್ಷಗಳಿಂದ ಅದರ ಎಲೆ ಅಗಿಯುತ್ತಾರೆ. ದಣಿವು, ಹಸಿವು, ಎತ್ತರದ ಜಾಗದ ತಲೆಸುತ್ತು ಕಡಿಮೆಯಾಗಲಿ ಅಂತ. ಬೊಲಿವಿಯಾ, ಪೆರುವಿನಲ್ಲಿ ಅದನ್ನು ಸಂತೆಯಲ್ಲೇ ಮಾರುತ್ತಾರೆ. ಕೊಕೇನ್ ಅನ್ನುವುದು ಆ ಎಲೆಯಿಂದ ರಾಸಾಯನಿಕ ಬಳಸಿ ತೆಗೆದ ಮಾದಕ ವಸ್ತು.

ಎಲೆ ಪುಡಿಯಾಗುವ ದಾರಿಯಲ್ಲಿ ಮೂರು ಹಂತಗಳಿವೆ. ರೈತ ಎಲೆ ಬೆಳೆಯುತ್ತಾನೆ. ಹೊಲದ ಪಕ್ಕದ ಗುಡಿಸಲಿನಲ್ಲಿ ಅದನ್ನು ಪೆಟ್ರೋಲ್‌ನಂಥ ವಸ್ತುಗಳ ಜೊತೆ ಸೇರಿಸಿ ಕಂದು ಬಣ್ಣದ ಪೇಸ್ಟ್ ಮಾಡುತ್ತಾರೆ. ಕೊನೆಗೆ ದೊಡ್ಡ ಲ್ಯಾಬಿನಲ್ಲಿ ಆ ಪೇಸ್ಟ್ ಬಿಳಿ ಪುಡಿಯಾಗುತ್ತದೆ. ಆಮೇಲೆ ಸಾಗಣೆ. ಕಾಡಿನ ನದಿ, ರಹಸ್ಯ ವಿಮಾನದಾರಿ, ಬಂದರು, ಸಮುದ್ರ.

ಹಣ ಎಲ್ಲಿ ಸೇರುತ್ತದೆ ಅನ್ನುವುದು ಮುಖ್ಯ. ಕೊಲಂಬಿಯಾದೊಳಗೆ ಒಂದು ಕಿಲೋ ಪುಡಿ ಸುಮಾರು ಎರಡು ಸಾವಿರ ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಅದೇ ಕಿಲೋ ಅಮೆರಿಕದ ನಗರ ತಲುಪಿದಾಗ, ಸಗಟು ಬೆಲೆಯೇ ಹತ್ತು ಪಟ್ಟಿಗಿಂತ ಜಾಸ್ತಿ. ಎಲೆ ಬೆಳೆದವನ ಪಾಲಿಗೆ ಬರುವುದು ಚೂರು. ಸಮುದ್ರದ ಹತ್ತಿರ ಹೋದಷ್ಟೂ ಲಾಭ ಹೆಚ್ಚು. ಈ ಒಂದು ವಿಷಯ ನೆನಪಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹಾಗಾದರೆ ರೈತ ಯಾಕೆ ಬೆಳೆಯುತ್ತಾನೆ? ದುರಾಸೆಯಿಂದ ಅಂತ ಹೇಳುವುದು ಸುಲಭ. ಆದರೆ ಆ ಜಾಗಗಳನ್ನು ನೋಡಬೇಕು. ಕಕೆತಾ, ಗುವಾವಿಯಾರೆ, ಪುಟುಮಾಯೊ ಎಂಬ ಪ್ರಾಂತ್ಯಗಳು ಅಮೆಜಾನ್ ಕಾಡಿನ ಅಂಚಿನಲ್ಲಿವೆ. ಬೇರೆ ಕಡೆ ಜಮೀನು ಕಳೆದುಕೊಂಡವರು, ಹಿಂಸೆಗೆ ಹೆದರಿ ಓಡಿಬಂದವರು ಇಲ್ಲಿ ಮರ ಕಡಿದು ಬದುಕು ಕಟ್ಟಿದರು. ರಸ್ತೆ ಇಲ್ಲ. ಬಾಳೆ, ಜೋಳ ಬೆಳೆದರೆ ದೋಣಿಯಲ್ಲಿ ದಿನಗಟ್ಟಲೆ ಸಾಗಿಸಬೇಕು. ದೋಣಿ ಬಾಡಿಗೆ ಕೊಟ್ಟ ಮೇಲೆ ಕೈಗೆ ಏನೂ ಉಳಿಯುವುದಿಲ್ಲ, ದಾರಿಯಲ್ಲೇ ಅರ್ಧ ಕೊಳೆಯುತ್ತದೆ.

ಕೋಕಾ ಹಾಗಲ್ಲ. ವರ್ಷಕ್ಕೆ ಹಲವು ಸಲ ಎಲೆ ಕೀಳಬಹುದು. ಪೇಸ್ಟ್ ಮಾಡಿದರೆ ಇಡೀ ಬೆಳೆ ಒಂದು ಚೀಲದಲ್ಲಿ ಹಿಡಿಯುತ್ತದೆ, ಕೊಳೆಯುವುದಿಲ್ಲ. ದಲ್ಲಾಳಿ ಮನೆ ಬಾಗಿಲಿಗೇ ಬಂದು ನಗದು ಕೊಡುತ್ತಾನೆ. ಕೆಲವು ಊರುಗಳಲ್ಲಿ ನೋಟಿನ ಬದಲು ಪೇಸ್ಟನ್ನೇ ತೂಗಿ ಕೊಟ್ಟು ಅಂಗಡಿಯಲ್ಲಿ ಅಕ್ಕಿ, ಎಣ್ಣೆ, ಚಪ್ಪಲಿ ಕೊಳ್ಳುತ್ತಿದ್ದರು. ಅಂಗಡಿಯವನ ಮೇಜಿನ ಮೇಲೆ ಸಣ್ಣ ತಕ್ಕಡಿ ಇದ್ದೇ ಇರುತ್ತಿತ್ತು.

ಗೆರಿಲ್ಲಾಗಳಿದ್ದ ಜಾಗಕ್ಕೇ ಕೋಕಾ ಬಂತು

1970ರ ದಶಕದ ಕೊನೆಯವರೆಗೆ ಕೊಲಂಬಿಯಾದಲ್ಲಿ ಕೋಕಾ ಬೆಳೆ ಕಡಿಮೆಯೇ. ಎಲೆಯ ಬಹುಪಾಲು ಪೆರು, ಬೊಲಿವಿಯಾದ್ದು. ಅಲ್ಲಿಂದ ಪೇಸ್ಟ್ ಸಣ್ಣ ವಿಮಾನದಲ್ಲಿ ಬರುತ್ತಿತ್ತು, ಕೊಲಂಬಿಯಾದ ಲ್ಯಾಬ್‌ಗಳು ಪುಡಿ ಮಾಡುತ್ತಿದ್ದವು. ವ್ಯಾಪಾರ ಬೆಳೆದಂತೆ, ಇಲ್ಲೇ ಯಾಕೆ ಬೆಳೆಯಬಾರದು ಅಂತ ವ್ಯಾಪಾರಿಗಳು ಯೋಚಿಸಿದರು. ಅದಕ್ಕೆ ಪೊಲೀಸರಿಲ್ಲದ, ರಸ್ತೆ ಇಲ್ಲದ ಜಾಗ ಬೇಕಿತ್ತು. ಅಂಥ ಜಾಗಗಳಲ್ಲಿ ಫಾರ್ಕ್ ಮೊದಲೇ ಬೀಡುಬಿಟ್ಟಿತ್ತು.

ಅಲ್ಲಿ ಅದು ಬರೀ ಬಂದೂಕಿನ ಪಡೆಯಾಗಿರಲಿಲ್ಲ. ಬೇಲಿ ಜಗಳ ಬಿಡಿಸುವುದು, ಕಳ್ಳನಿಗೆ ಶಿಕ್ಷೆ ಕೊಡುವುದು, ಯಾವಾಗ ಹೆಂಡದಂಗಡಿ ಮುಚ್ಚಬೇಕು ಅಂತ ಹೇಳುವುದು ಎಲ್ಲವೂ ಅದರ ಕೈಯಲ್ಲಿತ್ತು. ಸರ್ಕಾರ ಇಲ್ಲದ ಕಡೆ ಅದೇ ಒಂದು ಥರದ ಸರ್ಕಾರ.

ಕೋಕಾ ಬಂದಾಗ ಫಾರ್ಕ್‌ನ ಮೊದಲ ಪ್ರತಿಕ್ರಿಯೆ ವಿರೋಧ. ಇದು ಬಂಡವಾಳಶಾಹಿಗಳ ಕೊಳಕು, ಕ್ರಾಂತಿಗೆ ಕೇಡು ಅಂತ ಕೆಲವು ಕಡೆ ಬೆಳೆಯದಂತೆ ತಡೆದರು. ಆದರೆ ರೈತರು ಸಿಟ್ಟಾದರು. ಹೊಟ್ಟೆ ತುಂಬಿಸುವ ಬೆಳೆ ಕೀಳಿಸಿದರೆ ಆ ಜನ ಗೆರಿಲ್ಲಾಗಳ ಜೊತೆ ಯಾಕಿರುತ್ತಾರೆ? ಜನರ ಬೆಂಬಲವಿಲ್ಲದೆ ಗೆರಿಲ್ಲಾ ಬದುಕುವುದೂ ಕಷ್ಟ. ಹೀಗೆ ನಿಷೇಧ ಸಡಿಲವಾಯಿತು. ತಡೆಯಲಾಗದಿದ್ದರೆ ನಿಯಂತ್ರಿಸೋಣ, ನಿಯಂತ್ರಿಸುವುದಾದರೆ ಅದರಿಂದ ಒಂದಿಷ್ಟು ಹಣವೂ ಬರಲಿ ಅನ್ನುವ ಲೆಕ್ಕ ಶುರುವಾಯಿತು.

ಕಾಡಿನ ಸುಂಕದಕಟ್ಟೆ

ನಮ್ಮ ನಾಡಿನಲ್ಲಿ ಸುಂಕದಕಟ್ಟೆ ಅಂತ ಹೆಸರಿರುವ ಊರುಗಳು ಎಷ್ಟೋ ಇವೆ. ಹಿಂದೆ ಸರಕು ಹೊತ್ತ ಗಾಡಿ ಆ ಜಾಗ ದಾಟಬೇಕಾದರೆ ಸುಂಕ ಕಟ್ಟಬೇಕಿತ್ತು. ಗಾಡಿಯಲ್ಲಿ ಏನಿದೆ, ಯಾರಿಗೆ ಹೋಗುತ್ತದೆ ಅನ್ನುವುದಕ್ಕಿಂತ ಎಷ್ಟಿದೆ ಅನ್ನುವುದು ಮುಖ್ಯ. ಸುಂಕದವನು ವ್ಯಾಪಾರಿಯಲ್ಲ. ಅವನ ಹತ್ತಿರ ಇರುವುದು ದಾರಿ. ಫಾರ್ಕ್ ಕೋಕಾ ದಂಧೆಯೊಳಗೆ ಕಾಲಿಟ್ಟದ್ದು ಹೀಗೆಯೇ. ಈ ವಸೂಲಿಗೆ ಅಲ್ಲಿ 'ಗ್ರಮಾಹೆ' ಅನ್ನುತ್ತಿದ್ದರು, ಗ್ರಾಂ ಲೆಕ್ಕದ ತೆರಿಗೆ.

ಇದು ಅಧಿಕೃತ ರೂಪ ಪಡೆದದ್ದು 1982ರ ಸುಮಾರಿಗೆ. ಆ ವರ್ಷ ಫಾರ್ಕ್‌ನ ಏಳನೇ ಸಮ್ಮೇಳನ ನಡೆಯಿತು. ಹೆಸರಿಗೆ 'ಜನರ ಸೇನೆ' ಎಂಬ ಬಾಲ ಸೇರಿತು. ಬರೀ ಅಡಗಿ ಕೂರುವುದಲ್ಲ, ದೇಶದ ತುಂಬ ಹರಡಿ ಅಧಿಕಾರ ಹಿಡಿಯಬೇಕು ಅಂತ ತೀರ್ಮಾನವಾಯಿತು. ದೊಡ್ಡ ಸೇನೆ ಕಟ್ಟಲು ದೊಡ್ಡ ಹಣ ಬೇಕು. ಊಟ, ಬೂಟು, ಔಷಧಿ, ಬಂದೂಕು, ಗುಂಡು. ಕೋಳಿ, ಅಕ್ಕಿ ಚಂದಾ ಎತ್ತಿ ಇದು ಆಗುವ ಮಾತಲ್ಲ.

ಹೀಗಾಗಿ ಸುಂಕಕ್ಕೆ ದರಪಟ್ಟಿ ಬಂತು. ಪೇಸ್ಟ್ ಕೊಳ್ಳುವ ದಲ್ಲಾಳಿ ಇಷ್ಟು ಕೊಡಬೇಕು. ಲ್ಯಾಬ್ ನಡೆಸಿದರೆ ಇಷ್ಟು. ವಿಮಾನ ಇಳಿದರೆ, ಏರಿದರೆ ಇಷ್ಟು. ಬದಲಿಗೆ ಫಾರ್ಕ್ ಏನು ಕೊಡುತ್ತಿತ್ತು? ಶಾಂತಿ ಮತ್ತು ಶಿಸ್ತು. ದಲ್ಲಾಳಿ ರೈತನಿಗೆ ಮೋಸ ಮಾಡುವಂತಿಲ್ಲ, ಎಲೆ ಕೀಳುವ ಕೂಲಿಯವರ ಸಂಬಳ ಹಿಡಿಯುವಂತಿಲ್ಲ. ಹಲವು ಕಡೆ ಹೊಲದಲ್ಲಿ ಆಹಾರ ಬೆಳೆಯನ್ನೂ ಬೆಳೆಯಬೇಕು ಎಂಬ ನಿಯಮವೂ ಇತ್ತು. ರೈತರಿಗೆ ಇದರಿಂದ ಲಾಭವಾಯಿತು ಅನ್ನುವುದು ನಿಜ. ನಿಯಮ ಮುರಿದವನಿಗೆ ಗುಂಡು ಅನ್ನುವುದೂ ಅಷ್ಟೇ ನಿಜ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಪ್ರಯೋಜನ ಅಂತ ನಮ್ಮ ಹಳೇ ಗಾದೆ ಕೇಳುತ್ತದೆ. ಈ ಸುಂಕದವನ ಕೈಯಲ್ಲಿ ಬಂದೂಕು ಬೇರೆ ಇತ್ತು.

ಫಲ ಬೇಗ ಕಂಡಿತು. 1980ರ ದಶಕದ ಆರಂಭದಲ್ಲಿ ಒಂದೆರಡು ಸಾವಿರ ಜನರಿದ್ದ ಫಾರ್ಕ್, 2000ದ ಹೊತ್ತಿಗೆ ಇಪ್ಪತ್ತು ಸಾವಿರದ ಹತ್ತಿರ ಬಂತು. ಪೂರ್ತಿ ಕೋಕಾ ಹಣದಿಂದಲ್ಲ. ಜನರನ್ನು ಅಪಹರಿಸಿ ಒತ್ತೆಹಣ ವಸೂಲಿ ಮಾಡುವುದು ಅದರ ಇನ್ನೊಂದು ದೊಡ್ಡ ಆದಾಯ. ಹೆದ್ದಾರಿಯಲ್ಲಿ ವಾಹನ ತಡೆದು, ಯಾರು ಶ್ರೀಮಂತರು ಅಂತ ನೋಡಿ ಎತ್ತಿಕೊಂಡು ಹೋಗುತ್ತಿದ್ದರು. ಸಾವಿರಾರು ಮನೆಗಳು ಈ ನೋವು ಉಂಡಿವೆ. ಕೊಲಂಬಿಯಾದ ನಗರಗಳ ಜನ ಫಾರ್ಕ್ ಅಂದರೆ ಇಂದಿಗೂ ಮುಖ ಸಿಂಡರಿಸುವುದು ಕೊಕೇನ್‌ಗಿಂತ ಹೆಚ್ಚಾಗಿ ಈ ಅಪಹರಣಗಳಿಗಾಗಿ.

ಕಾರ್ಟೆಲ್ ಜೊತೆ ಸ್ನೇಹವೇ, ಹಗೆಯೇ?

ಎರಡೂ. 1984ರ ಮಾರ್ಚ್‌ನಲ್ಲಿ ಕಕೆತಾ ಪ್ರಾಂತ್ಯದ ಕಾಡಿನಲ್ಲಿ ಟ್ರಾಂಕಿಲಾಂಡಿಯಾ ಎಂಬ ಮೆಡೆಯಿನ್ ಕಾರ್ಟೆಲ್‌ನ ಭಾರಿ ಲ್ಯಾಬ್ ಮೇಲೆ ಪೊಲೀಸರು ದಾಳಿ ಮಾಡಿದರು. 13 ಟನ್‌ಗೂ ಹೆಚ್ಚು ಕೊಕೇನ್ ಸಿಕ್ಕಿತು. ಲ್ಯಾಬ್‌ಗೆ ಗೆರಿಲ್ಲಾಗಳ ಕಾವಲಿತ್ತು ಎಂದು ಅಂದಿನ ಅಮೆರಿಕ ರಾಯಭಾರಿ ಲೂಯಿಸ್ ಟಾಂಬ್ಸ್ ಹೇಳಿದ. 'ನಾರ್ಕೋ ಗೆರಿಲ್ಲಾ', ಅಂದರೆ ಡ್ರಗ್ಸ್ ಗೆರಿಲ್ಲಾ, ಎಂಬ ಮಾತು ಆಗಲೇ ಹರಡಿತು. ಆ ಹೊತ್ತಿಗೆ ಅದು ಅತಿಯಾಯಿತು ಅಂತ ಅನೇಕರು ಟೀಕಿಸಿದರು.

ಟೀಕೆಗೆ ಕಾರಣವಿತ್ತು. ಇದೇ ಕಾಲದಲ್ಲಿ ಕಳ್ಳಸಾಗಣೆದಾರರು ಗೆರಿಲ್ಲಾಗಳನ್ನು ಬೇಟೆಯಾಡುತ್ತಿದ್ದರು. 1981ರಲ್ಲಿ ಎಂ-19 ಎಂಬ ಇನ್ನೊಂದು ಗೆರಿಲ್ಲಾ ಗುಂಪು, ಕೊಕೇನ್ ವ್ಯಾಪಾರಿಗಳಾದ ಒಚೋವಾ ಕುಟುಂಬದ ಹೆಣ್ಣುಮಗಳನ್ನು ಅಪಹರಿಸಿತು. ಕೂಡಲೇ ವ್ಯಾಪಾರಿಗಳು ಸೇರಿ 'ಅಪಹರಣಕಾರರಿಗೆ ಸಾವು' ಎಂಬ ಹೆಸರಿನ ಪಡೆ ಕಟ್ಟಿದರು. ಕಳ್ಳದುಡ್ಡಿನಿಂದ ದೊಡ್ಡ ದೊಡ್ಡ ಜಮೀನು ಕೊಂಡು ಜಮೀನ್ದಾರರಾಗಿದ್ದ ಈ ಮಂದಿಗೆ, ಜಮೀನ್ದಾರರಿಂದ ಹಣ ಕೀಳುವ ಗೆರಿಲ್ಲಾ ಶತ್ರುವಲ್ಲದೆ ಇನ್ನೇನು?

1985ರಲ್ಲಿ ಶಾಂತಿ ಮಾತುಕತೆಯ ನಡುವೆ ಯುಪಿ ಎಂಬ ಎಡಪಕ್ಷ ಹುಟ್ಟಿತು. ಅದರ ಹಿಂದೆ ಫಾರ್ಕ್ ಇತ್ತು. ಖಾಸಗಿ ಪಡೆಗಳು, ಕಳ್ಳಸಾಗಣೆದಾರರು, ಸರ್ಕಾರಿ ಪಡೆಯ ಕೆಲವರು ಸೇರಿ ಆ ಪಕ್ಷದವರನ್ನು ಒಬ್ಬೊಬ್ಬರನ್ನಾಗಿ ಕೊಂದರು. ಕೊಲೆಯಾದವರು, ಕಾಣೆಯಾದವರು ಸೇರಿ 5,733 ಮಂದಿ ಎಂದು ಕೊಲಂಬಿಯಾದ ವಿಶೇಷ ಶಾಂತಿ ನ್ಯಾಯಾಲಯ ಲೆಕ್ಕ ಹಾಕಿದೆ. ಸತ್ತವರಲ್ಲಿ ಇಬ್ಬರು ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದವರು. ಡ್ರಗ್ಸ್ ಕಥೆಯಲ್ಲಿ ಇದನ್ನು ಯಾಕೆ ಹೇಳಬೇಕು ಅಂದರೆ, ಮತಪೆಟ್ಟಿಗೆಯ ದಾರಿ ಹೀಗೆ ಮುಚ್ಚಿದ ಮೇಲೆ ಫಾರ್ಕ್‌ನೊಳಗೆ ಬಂದೂಕಿನವರ ಮಾತೇ ನಡೆಯಿತು. ಬಂದೂಕು ಹಣ ಕೇಳುತ್ತದೆ.

ಸುಂಕದವನು ವ್ಯಾಪಾರಿಯಾದ ಹೊತ್ತು

1990ರ ದಶಕದಲ್ಲಿ ಮೂರು ಸಂಗತಿ ಒಟ್ಟಿಗೆ ನಡೆದವು.

ಒಂದು, ದೊಡ್ಡ ಕಾರ್ಟೆಲ್‌ಗಳು ಒಡೆದವು. 1993ರ ಡಿಸೆಂಬರ್ 2ರಂದು ಎಸ್ಕೊಬಾರ್ ಪೊಲೀಸರ ಗುಂಡಿಗೆ ಸತ್ತ. 1995ರಲ್ಲಿ ಕಾಲಿ ಎಂಬ ನಗರದ ಕಾರ್ಟೆಲ್‌ನ ಮುಖ್ಯಸ್ಥರು ಸಿಕ್ಕಿಬಿದ್ದರು. ಎಲೆಯಿಂದ ಅಮೆರಿಕದ ಬೀದಿಯವರೆಗೆ ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದ ಕೈಗಳು ಹೋದವು. ನೂರಾರು ಸಣ್ಣ ವ್ಯಾಪಾರಿಗಳು ಹುಟ್ಟಿಕೊಂಡರು. ಸಣ್ಣವರಿಗೆ ಗೆರಿಲ್ಲಾಗಳ ಜೊತೆ ಜಗಳವಾಡುವ ತಾಕತ್ತಿಲ್ಲ.

ಎರಡು, ಪೆರುವಿನಿಂದ ಪೇಸ್ಟ್ ತರುತ್ತಿದ್ದ ವಿಮಾನಗಳನ್ನು ಪೆರುವಿನ ವಾಯುಪಡೆ ಅಮೆರಿಕದ ನೆರವಿನಿಂದ ಹೊಡೆದುರುಳಿಸತೊಡಗಿತು. ದಾರಿ ಕಟ್ಟಾಯಿತು. ಹಾಗಂತ ಕೊಕೇನ್ ಕಡಿಮೆಯಾಗಲಿಲ್ಲ, ಬೆಳೆಯೇ ಕೊಲಂಬಿಯಾಕ್ಕೆ ವಲಸೆ ಬಂತು. ವಿಶ್ವಸಂಸ್ಥೆಯ ಲೆಕ್ಕದಂತೆ 2000ದಲ್ಲಿ ಕೊಲಂಬಿಯಾದಲ್ಲಿ ಸುಮಾರು 1,63,000 ಹೆಕ್ಟೇರ್ ಕೋಕಾ ಇತ್ತು. ಅದರಲ್ಲಿ ದೊಡ್ಡ ಪಾಲು ಫಾರ್ಕ್ ಪ್ರದೇಶಗಳಲ್ಲಿ.

ಮೂರು, ಶೀತಲ ಸಮರ ಮುಗಿಯಿತು. ಜಗತ್ತಿನ ಹಲವು ಗೆರಿಲ್ಲಾಗಳಿಗೆ ಬರುತ್ತಿದ್ದ ಹೊರಗಿನ ನೆರವು ನಿಂತಿತು. ಎಲ್ ಸಾಲ್ವಡಾರ್, ಗ್ವಾಟೆಮಾಲಾದಲ್ಲಿ ಬಂಡುಕೋರರು ಒಪ್ಪಂದ ಮಾಡಿಕೊಂಡು ಬಂದೂಕು ಇಳಿಸಿದರು. ಫಾರ್ಕ್ ಮಾತ್ರ ಅದೇ ಹೊತ್ತಿನಲ್ಲಿ ದಪ್ಪವಾಯಿತು. ಅದು ಮೊದಲಿನಿಂದಲೂ ಹೊರಗಿನವರ ಕೈ ನೋಡಿಕೊಂಡು ಕೂತಿರಲಿಲ್ಲ.

ಈ ಮೂರರ ನಡುವೆ ಕೆಲವು ಕಡೆ ಫಾರ್ಕ್ ದಲ್ಲಾಳಿಗಳನ್ನೇ ಪಕ್ಕಕ್ಕೆ ಸರಿಸಿತು. ಇನ್ನು ಮುಂದೆ ರೈತರು ಪೇಸ್ಟನ್ನು ನಮಗೇ ಮಾರಬೇಕು, ಬೆಲೆ ನಾವೇ ಹೇಳುತ್ತೇವೆ ಅಂದಿತು. ಕೆಲವು ತುಕಡಿಗಳು ತಮ್ಮದೇ ಲ್ಯಾಬ್, ವಿಮಾನದಾರಿ ನಡೆಸಿದವು. ಹೆಸರಾದ ಉದಾಹರಣೆ ಪೂರ್ವದ ಕಾಡಿನಲ್ಲಿದ್ದ 16ನೇ ತುಕಡಿ. ಅದರ ಮುಖ್ಯಸ್ಥ 'ನೀಗ್ರೊ ಅಕಾಸಿಯೊ'. ಬ್ರೆಜಿಲ್‌ನ ಕುಖ್ಯಾತ ಕಳ್ಳಸಾಗಣೆದಾರ ಫೆರ್ನಾಂಡಿನ್ಯೊ ಬೇರಾ-ಮಾರ್ 2001ರಲ್ಲಿ ಸಿಕ್ಕಿಬಿದ್ದದ್ದು ಇದೇ ಕಾಡಿನಲ್ಲಿ. ಅವನು ಬಂದೂಕು ಕೊಟ್ಟು ಕೊಕೇನ್ ಒಯ್ಯುತ್ತಿದ್ದ ಎಂಬುದು ಆರೋಪ. ಅಲ್ಲಿಗೆ, ದಾರಿಯ ಹಣವಷ್ಟೇ ಸಾಕು ಅನ್ನುವ ಕಾಲ ಆ ತುಕಡಿಯ ಮಟ್ಟಿಗೆ ಮುಗಿದಿತ್ತು.

ಇಲ್ಲೊಂದು ಮಾತು. ಫಾರ್ಕ್‌ಗೆ ಅರವತ್ತಕ್ಕೂ ಹೆಚ್ಚು ತುಕಡಿಗಳಿದ್ದವು. ಎಲ್ಲವೂ ಹೀಗಿರಲಿಲ್ಲ. ಕೋಕಾ ಇಲ್ಲದ ಕಡೆ ಇದ್ದವರು ಬಡವರಾಗಿಯೇ ಇದ್ದರು. 'ಫಾರ್ಕ್ ಡ್ರಗ್ಸ್ ಮಾರುತ್ತಿತ್ತು' ಎಂಬ ಒಂದೇ ವಾಕ್ಯ ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ.

ಎದುರಾಳಿಯ ಕೈಯಲ್ಲೂ ಅದೇ ಹಣ

ಗೆರಿಲ್ಲಾಗಳನ್ನು ಮುಗಿಸುತ್ತೇವೆ ಅಂತ ಬಂದ ಎಯುಸಿ ಏನು ಮಾಡಿತು? ಅದರ ನಾಯಕ ಕಾರ್ಲೋಸ್ ಕಸ್ಟಾನ್ಯೊ 2000ದಲ್ಲಿ ಟಿವಿ ಸಂದರ್ಶನವೊಂದರಲ್ಲಿ, ತಮ್ಮ ಆದಾಯದ ಶೇಕಡಾ 70ರಷ್ಟು ಡ್ರಗ್ಸ್‌ನಿಂದ ಬರುತ್ತದೆ ಎಂದು ತಾನೇ ಒಪ್ಪಿಕೊಂಡ. 1997ರಲ್ಲಿ ಮಪಿರಿಪಾನ್ ಎಂಬ ಊರಿನಲ್ಲಿ ಈ ಪಡೆಯವರು ದಿನಗಟ್ಟಲೆ ಜನರನ್ನು ಕೊಂದರು. ಆ ಊರು ಕೋಕಾ ಸೀಮೆಯ ಬಾಗಿಲು. ಯುದ್ಧದ ಭೂಪಟವನ್ನೂ ಕೋಕಾ ಭೂಪಟವನ್ನೂ ಒಂದರ ಮೇಲೊಂದು ಇಟ್ಟರೆ ಎಷ್ಟೋ ಕಡೆ ಗೆರೆಗಳು ಸೇರುತ್ತವೆ.

2003ರಿಂದ 2006ರ ನಡುವೆ ಎಯುಸಿ ಶಸ್ತ್ರ ಇಳಿಸಿತು. 2008ರಲ್ಲಿ ಅದರ ಹದಿನಾಲ್ಕು ನಾಯಕರನ್ನು ಡ್ರಗ್ಸ್ ಆರೋಪದ ಮೇಲೆ ಅಮೆರಿಕಕ್ಕೆ ಕಳಿಸಲಾಯಿತು. ಅದರ ಉಳಿಕೆಗಳಿಂದ ಬೆಳೆದ 'ಗಲ್ಫ್ ಕ್ಲಾನ್' ಇವತ್ತು ಕೊಲಂಬಿಯಾದ ದೊಡ್ಡ ಶಸ್ತ್ರಸಜ್ಜಿತ ಗುಂಪುಗಳಲ್ಲಿ ಒಂದು.

ವಿಷ ಸಿಂಪಡಿಸಿದರೆ ಹೋಗಲಿಲ್ಲವೇ?

2000ದಲ್ಲಿ 'ಪ್ಲಾನ್ ಕೊಲಂಬಿಯಾ' ಶುರುವಾಯಿತು. ಅಮೆರಿಕ ಹದಿನೈದು ವರ್ಷಗಳಲ್ಲಿ ಸುಮಾರು ಸಾವಿರ ಕೋಟಿ ಡಾಲರ್ ಸುರಿಯಿತು. ಹೆಲಿಕಾಪ್ಟರ್, ಸೈನಿಕ ತರಬೇತಿ, ವಿಮಾನದಿಂದ ಕೋಕಾ ಹೊಲಗಳ ಮೇಲೆ ಗ್ಲೈಫೋಸೇಟ್ ಸಿಂಪಡಣೆ. ಇದು ನಮ್ಮಲ್ಲೂ ಕಳೆನಾಶಕವಾಗಿ ರೈತರಿಗೆ ಗೊತ್ತಿರುವ ರಾಸಾಯನಿಕವೇ. ಸಿಂಪಡಿಸುವಾಗ ಪಕ್ಕದ ಬಾಳೆ, ಮರಗೆಣಸೂ ಸುಟ್ಟುಹೋಗುತ್ತಿತ್ತು. ಆರೋಗ್ಯದ ಆತಂಕದಿಂದ 2015ರಲ್ಲಿ ಅದನ್ನು ನಿಲ್ಲಿಸಿದರು.

ಸೇನೆಯ ದೃಷ್ಟಿಯಿಂದ ಯೋಜನೆ ಕೆಲಸ ಮಾಡಿತು. ಫಾರ್ಕ್ ಅರ್ಧಕ್ಕಿಂತ ಕಡಿಮೆಯಾಯಿತು, ಮುಖ್ಯ ನಾಯಕರು ಬಾಂಬ್ ದಾಳಿಗಳಲ್ಲಿ ಸತ್ತರು. ಕೋಕಾ ಕೂಡ 2012, 2013ರಲ್ಲಿ 48,000 ಹೆಕ್ಟೇರ್‌ಗೆ ಇಳಿದಿತ್ತು. ಆದರೆ ಅದು ಅಲ್ಲೇ ನಿಲ್ಲಲಿಲ್ಲ. ಒಂದು ಕಣಿವೆಯಲ್ಲಿ ಕಿತ್ತರೆ ಪಕ್ಕದ ಕಣಿವೆಯಲ್ಲಿ ನೆಟ್ಟರು. ಮೆಟಾ, ಗುವಾವಿಯಾರೆಯಿಂದ ಬೆಳೆ ಪೆಸಿಫಿಕ್ ಕರಾವಳಿಯ ನರಿನ್ಯೊ ಕಡೆ ಜರುಗಿತು. ಸಮುದ್ರಕ್ಕೆ ಇನ್ನೂ ಹತ್ತಿರ.

ಸಿದ್ಧಾಂತ ಉಳಿದಿತ್ತೇ?

ಇದು ಇಂದಿಗೂ ವಾದದ ವಿಷಯ. 2006ರಲ್ಲಿ ಅಮೆರಿಕ ಫಾರ್ಕ್‌ನ ಐವತ್ತು ನಾಯಕರ ಮೇಲೆ ಮೊಕದ್ದಮೆ ಹೂಡಿ, 2,500 ಕೋಟಿ ಡಾಲರ್ ಮೌಲ್ಯದ ಕೊಕೇನ್ ಸಾಗಿಸಿದ್ದಾರೆ ಎಂದಿತು. ನಾವು ತೆರಿಗೆ ತೆಗೆದುಕೊಂಡೆವು ಅಷ್ಟೇ, ವ್ಯಾಪಾರ ಮಾಡಲಿಲ್ಲ ಅಂತ ಫಾರ್ಕ್ ಕೊನೆಯವರೆಗೂ ಹೇಳುತ್ತಾ ಬಂತು.

ನನಗನಿಸುವಂತೆ ಎರಡು ಮಾತೂ ಪೂರ್ತಿ ಸರಿಯಲ್ಲ. ಕೆಲವು ತುಕಡಿಗಳು ವ್ಯಾಪಾರವನ್ನೇ ಮಾಡಿದವು ಅನ್ನುವುದಕ್ಕೆ ಸಾಕಷ್ಟು ಆಧಾರವಿದೆ. ಆದರೆ ಎಸ್ಕೊಬಾರ್ ಥರ ಬಂಗಲೆ ಕಟ್ಟಿ, ಮೃಗಾಲಯ ಮಾಡಿಕೊಂಡ ಫಾರ್ಕ್ ನಾಯಕರನ್ನು ಹುಡುಕುವುದು ಕಷ್ಟ. ಮಾರುಲಾಂಡಾ ಸತ್ತದ್ದು ಕಾಡಿನ ಶಿಬಿರದಲ್ಲಿ. ಹಣ ಬಹುಪಾಲು ಯುದ್ಧಕ್ಕೆ ಹೋಯಿತು. ಅದರಿಂದ ಯುದ್ಧ ಉದ್ದವಾಯಿತು.

ಬದಲಾದದ್ದು ಜನರ ಜೊತೆಗಿನ ಸಂಬಂಧ. ಚಂದಾ ಕೊಡುವ ಹಳ್ಳಿಗರ ಮೇಲೆ ಅವಲಂಬಿತರಾಗಿದ್ದಾಗ ಅವರ ಮಾತು ಕೇಳಬೇಕಿತ್ತು. ಕೊಕೇನ್ ಹಣ ಬಂದ ಮೇಲೆ ಆ ಅನಿವಾರ್ಯತೆ ಕಡಿಮೆಯಾಯಿತು. ಸಂಬಳದ ಆಸೆ, ಯೂನಿಫಾರ್ಮಿನ ಆಸೆಗೆ ಬರುವ ಹುಡುಗರು ಹೆಚ್ಚಾದರು. ಚಿಕ್ಕ ಮಕ್ಕಳನ್ನೂ ಎಳೆದುಕೊಂಡರು.

ಈ ವಾದ ಬರೀ ಪುಸ್ತಕದ್ದಲ್ಲ. 2016ರ ಶಾಂತಿ ಒಪ್ಪಂದದಲ್ಲಿ ಇದು ಕಾನೂನಿನ ಪ್ರಶ್ನೆಯಾಯಿತು. ದಂಗೆಗೆ ಕ್ಷಮೆ ಕೊಡಬಹುದು, ಡ್ರಗ್ಸ್‌ಗೆ? ಸ್ವಂತ ಲಾಭಕ್ಕಲ್ಲದೆ ದಂಗೆ ನಡೆಸಲಿಕ್ಕಾಗಿ ಮಾಡಿದ್ದರೆ ಅದನ್ನೂ ದಂಗೆಯ ಭಾಗ ಎಂದು ನೋಡಬಹುದು ಅಂತ ಒಪ್ಪಂದ ಹೇಳಿತು. ಸ್ವಂತ ಜೇಬು ತುಂಬಿಸಿಕೊಂಡವನಿಗೆ ಆ ರಿಯಾಯಿತಿ ಇಲ್ಲ.

ಇದು ಕೊಲಂಬಿಯಾದ್ದೊಂದೇ ಕಥೆಯಲ್ಲ

ಪೆರುವಿನ 'ಷೈನಿಂಗ್ ಪಾತ್' ಎಂಬ ಮಾವೋವಾದಿ ಗುಂಪು 1980ರ ದಶಕದಲ್ಲಿ ವಯಾಗಾ ಕಣಿವೆಯಲ್ಲಿ ಹೀಗೇ ಕೋಕಾ ರೈತರ ಪರ ನಿಂತು, ದಲ್ಲಾಳಿಗಳಿಂದ ಸುಂಕ ಎತ್ತಿತು. ಅಫ್ಗಾನಿಸ್ತಾನದಲ್ಲಿ ತಾಲಿಬಾನ್ ಅಫೀಮಿನ ಮೇಲೆ ವರ್ಷಗಟ್ಟಲೆ ತೆರಿಗೆ ತಿಂದು, ಅಧಿಕಾರಕ್ಕೆ ಬಂದ ಮೇಲೆ 2022ರ ಏಪ್ರಿಲ್‌ನಲ್ಲಿ ಅದನ್ನೇ ನಿಷೇಧಿಸಿತು. 2,33,000 ಹೆಕ್ಟೇರ್ ಇದ್ದ ಬೆಳೆ ಒಂದೇ ವರ್ಷದಲ್ಲಿ 10,800ಕ್ಕೆ ಬಿತ್ತು. 2023ರಲ್ಲಿ ಅಫೀಮಿನಲ್ಲಿ ಮೊದಲ ಸ್ಥಾನ ಮ್ಯಾನ್ಮಾರ್‌ಗೆ ಹೋಯಿತು. ಅಲ್ಲಿನ ಶಾನ್ ಬೆಟ್ಟಗಳಲ್ಲಿ, 1989ರಲ್ಲಿ ಒಡೆದ ಬರ್ಮಾ ಕಮ್ಯುನಿಸ್ಟ್ ಪಕ್ಷದ ಪಡೆಗಳಿಂದ ಹುಟ್ಟಿದ ವಾ ಸೇನೆಯಂಥ ಗುಂಪುಗಳ ಹೆಸರು ದಶಕಗಳಿಂದ ಈ ವ್ಯಾಪಾರದ ಜೊತೆ ಕೇಳಿಬರುತ್ತಿದೆ. ನಮ್ಮ ಮಣಿಪುರದ ಆಚೆಗೇ ಇರುವ ದೇಶ ಇದು.

ಫಾರ್ಕ್ ಹೋಯಿತು, ಕೋಕಾ ಉಳಿಯಿತು

2016ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮತ್ತು ಫಾರ್ಕ್ ಸಹಿ ಮಾಡಿದ ಒಪ್ಪಂದವನ್ನು ಅಕ್ಟೋಬರ್ 2ರ ಜನಮತದಲ್ಲಿ ಜನ ಕೂದಲೆಳೆಯ ಅಂತರದಲ್ಲಿ ತಿರಸ್ಕರಿಸಿದರು. ತಿದ್ದಿದ ಒಪ್ಪಂದಕ್ಕೆ ನವೆಂಬರ್‌ನಲ್ಲಿ ಸಹಿ ಬಿತ್ತು. ಸಾವಿರಾರು ಹೋರಾಟಗಾರರು ಬಂದೂಕು ಒಪ್ಪಿಸಿದರು. ಅಧ್ಯಕ್ಷ ಹುವಾನ್ ಮಾನುವೆಲ್ ಸಾಂಟೋಸ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಒಪ್ಪಂದದ ನಾಲ್ಕನೇ ಅಂಶವೇ ಡ್ರಗ್ಸ್. ಕೋಕಾ ಕಿತ್ತು ಬೇರೆ ಬೆಳೆ ಹಾಕುವ ಕುಟುಂಬಕ್ಕೆ ಹಣ, ತಾಂತ್ರಿಕ ನೆರವು, ರಸ್ತೆ. ಸುಮಾರು 99,000 ಕುಟುಂಬಗಳು ಹೆಸರು ಬರೆಸಿದವು. ಬಹುತೇಕರು ಹೇಳಿದಂತೆ ಗಿಡ ಕಿತ್ತರು. ಮೊದಲ ಕಂತುಗಳು ಬಂದವು. ಹೊಸ ಬೆಳೆಗೆ ಬೇಕಾದ ಸಹಾಯ ಎಷ್ಟೋ ಮಂದಿಗೆ ವರ್ಷಗಳ ತನಕ ಬರಲಿಲ್ಲ. ರಸ್ತೆಯೂ ಆಗಲಿಲ್ಲ.

ಇನ್ನೊಂದು ಕಡೆ, ಫಾರ್ಕ್ ಖಾಲಿ ಮಾಡಿದ ಜಾಗಕ್ಕೆ ಸರ್ಕಾರಕ್ಕಿಂತ ಮೊದಲು ಬೇರೆಯವರು ಬಂದರು. ಒಪ್ಪಂದವನ್ನೇ ಒಪ್ಪದೆ ಉಳಿದ ತುಕಡಿಗಳು, 2019ರಲ್ಲಿ ಮತ್ತೆ ಬಂದೂಕು ಹಿಡಿದ ಫಾರ್ಕ್ ನಾಯಕ ಇವಾನ್ ಮಾರ್ಕೆಸ್‌ನ ಗುಂಪು, ಇಎಲ್‌ಎನ್, ಗಲ್ಫ್ ಕ್ಲಾನ್. ಇಎಲ್‌ಎನ್ ಬಹುಕಾಲ ಕೋಕಾ ಮುಟ್ಟುವುದಿಲ್ಲ ಅನ್ನುತ್ತಿತ್ತು. ಅದರ ಆದಾಯ ಪೆಟ್ರೋಲಿಯಂ ಕಂಪನಿಗಳಿಂದ ವಸೂಲಿ ಮತ್ತು ಅಪಹರಣ. ಆದರೆ ಕಟಟುಂಬೊ ದೇಶದ ದೊಡ್ಡ ಕೋಕಾ ಸೀಮೆಗಳಲ್ಲೊಂದು, ಪಕ್ಕದಲ್ಲೇ ವೆನೆಜುವೆಲಾ ಗಡಿ. ಅಲ್ಲಿ ಹಿಡಿತವಿಟ್ಟುಕೊಂಡು ಕೋಕಾದಿಂದ ದೂರ ಉಳಿಯುವುದು ಯಾರಿಗೂ ಸುಲಭವಲ್ಲ.

ಹಳೆಯ ಫಾರ್ಕ್‌ಗೆ ಒಂದೇ ಕೇಂದ್ರವಿತ್ತು. ಒಬ್ಬರ ಜೊತೆ ಮಾತಾಡಿದರೆ ಎಲ್ಲರ ಜೊತೆ ಮಾತಾಡಿದಂತೆ. ಈಗಿನ ಗುಂಪುಗಳು ಊರೂರಿಗೆ ಬೇರೆ. ಹೆಸರು ಹಳೆಯದು, 33ನೇ ತುಕಡಿ, 36ನೇ ತುಕಡಿ ಅಂತ. ಕಣಿವೆ, ನದಿ, ಗಡಿದಾರಿ ಯಾರದು ಅನ್ನುವುದಕ್ಕೆ ತಮ್ಮತಮ್ಮಲ್ಲೇ ಹೊಡೆದಾಟ. ಸರಕು ಕೊಳ್ಳಲು ಮೆಕ್ಸಿಕೋ ಕಾರ್ಟೆಲ್‌ಗಳ ಜನ ನೇರವಾಗಿ ಬರುತ್ತಾರೆ. 2022ರಲ್ಲಿ ಅಧ್ಯಕ್ಷರಾದ ಗುಸ್ತಾವೊ ಪೆಟ್ರೊ, ಸ್ವತಃ ಒಂದು ಕಾಲದ ಎಂ-19 ಸದಸ್ಯ, ಎಲ್ಲರ ಜೊತೆ ಒಟ್ಟಿಗೆ ಮಾತುಕತೆ ಅಂತ ಹೊರಟರು. ಕಟಟುಂಬೊ ಹತ್ಯೆಗಳ ನಂತರ ಇಎಲ್‌ಎನ್ ಜೊತೆಗಿನ ಮಾತುಕತೆ ನಿಲ್ಲಿಸಿದರು. ಈ ನಡುವೆ 2023ರಲ್ಲಿ ಕೋಕಾ 2,53,000 ಹೆಕ್ಟೇರ್‌ಗೆ ಏರಿತು ಅಂತ ವಿಶ್ವಸಂಸ್ಥೆ ಹೇಳಿತು. ಅಲ್ಲಿಯವರೆಗಿನ ದಾಖಲೆ ಅದು.

ವಿಚಿತ್ರ ಅಂದರೆ, ಇಷ್ಟು ಬೆಳೆದ ಹೊತ್ತಿನಲ್ಲೇ ಹಲವು ಸೀಮೆಗಳಲ್ಲಿ ಪೇಸ್ಟಿನ ಬೆಲೆ ನೆಲ ಕಚ್ಚಿತು. 2022ರ ನಂತರ ಕೊಳ್ಳುವವರೇ ಬರದೆ ರೈತರ ಮನೆಯಲ್ಲಿ ಸರಕು ಕೊಳೆಯದೆ ಕೂತಿತು. ಗುಂಪುಗಳು ಮಾತ್ರ ಅಷ್ಟೇನೂ ಕಂಗೆಡಲಿಲ್ಲ. ಅವು ಆಗಲೇ ಅಕ್ರಮ ಚಿನ್ನದ ಗಣಿಗಳ ಕಡೆ ತಿರುಗಿದ್ದವು. ನದಿ ದಂಡೆ ಅಗೆಯುವ ಪ್ರತಿ ಯಂತ್ರಕ್ಕೆ ತಿಂಗಳಿಗಿಷ್ಟು ಅಂತ ವಸೂಲಿ. ಕೊಕೇನ್ ಎಲ್ಲಿ ಸಿಕ್ಕರೂ ಅಪರಾಧ, ಚಿನ್ನ ಹಾಗಲ್ಲ. ಕರಗಿಸಿ ಗಟ್ಟಿ ಮಾಡಿ ಮಾರಿದ ಮೇಲೆ ಅದು ಯಾವ ಕಾಡಿನಿಂದ ಬಂತು ಅಂತ ಪತ್ತೆ ಹಚ್ಚುವುದು ಬಲು ಕಷ್ಟ.